ಐದು ವರ್ಷದ ಮಗಳು ‘ನಂಗೆ ಡ್ರಾಯಿಂಗ್ ಬರುದಿಲ್ಲ’ ಅಂತಾಳೆ. ಚಿಕ್ಕ ಮಕ್ಕಳಿಗೆ ಚಿತ್ರದ ಮೇಲೆ ಪ್ರೀತಿ ಹುಟ್ಟಿಸುವುದು ಹೇಗೆ?

ಕೊಟ್ಟಾರದ ಅಮ್ಮ

ನಮಸ್ಕಾರ ಎಲ್ಲರಿಗೂ. ಮಗಳಿಗೆ ಐದು ವರ್ಷ, ಯುಕೆಜಿ. ಮಾತು ಬರುವ ಮೊದಲೇ ಗೀಚಲಿಕ್ಕೆ ಶುರು ಮಾಡಿದವಳು. ಗೋಡೆ, ಫ್ರಿಜ್ಜಿನ ಬಾಗಿಲು, ಅಜ್ಜನ ಪಾಸ್‌ಬುಕ್ ಯಾವುದನ್ನೂ ಬಿಡಲಿಲ್ಲ. ಇಷ್ಟು ಆಸೆ ಉಂಟಲ್ಲ ಅಂತ ಈ ವರ್ಷ ಒಂದು ಡ್ರಾಯಿಂಗ್ ಕ್ಲಾಸಿಗೆ ಸೇರಿಸಿದೆವು. ಅಲ್ಲಿ ಬೋರ್ಡಿನಲ್ಲಿ ಇದ್ದದ್ದನ್ನು ನೋಡಿ ಬಿಡಿಸಬೇಕು, ಗೆರೆಯಿಂದ ಹೊರಗೆ ಹೋಗದ ಹಾಗೆ ಬಣ್ಣ ತುಂಬಬೇಕು. ಕಳೆದ ತಿಂಗಳು ಒಂದು ಸ್ಪರ್ಧೆ ಇತ್ತು. ಇವಳು ಕೊನೆಯವರೆಗೂ ಹಾಳೆ ಖಾಲಿ ಇಟ್ಟು ಕೂತಿದ್ದಳಂತೆ. ಮನೆಗೆ ಬಂದು ಹೇಳಿದ್ದು ಒಂದೇ ಮಾತು: “ನಂಗೆ ಡ್ರಾಯಿಂಗ್ ಬರುದಿಲ್ಲ.” ಆಮೇಲೆ ಕ್ರೇಯಾನ್ ಡಬ್ಬ ಮುಟ್ಟಲಿಲ್ಲ.

ಅವಳು ಕಲಾವಿದೆ ಆಗಬೇಕು ಅಂತ ನನಗಿಲ್ಲ. ಚಿತ್ರ, ಕೆತ್ತನೆ, ಬಣ್ಣ ಕಂಡರೆ ನಿಂತು ನೋಡುವ ಮನಸ್ಸು ಅವಳಿಗೆ ಇರಲಿ, ಅಷ್ಟೇ ನನ್ನ ಆಸೆ. ನಾನು ಕಾಮರ್ಸ್ ಓದಿದವಳು, ಚಿತ್ರದ ಬಗ್ಗೆ ಏನೂ ಗೊತ್ತಿಲ್ಲ. ಮಂಗಳೂರು, ಉಡುಪಿ ಕಡೆ ಇಷ್ಟು ಚಿಕ್ಕ ಮಕ್ಕಳನ್ನು ಎಲ್ಲಿಗೆ ಕರಕೊಂಡು ಹೋಗಬಹುದು? ಮನೆಯಲ್ಲಿ ಏನು ಮಾಡಬಹುದು? ಅನುಭವ ಇದ್ದವರು ದಯವಿಟ್ಟು ಹೇಳಿ.

ಉಡುಪಿ ಡ್ರಾಯಿಂಗ್ ಮೇಷ್ಟ್ರು

ನಾನು ಸರಕಾರಿ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತನಾದವನು. ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಮೊದಲಿಗೆ, ನಿಮ್ಮ ಮಗಳಿಗೆ ಚಿತ್ರ ಬರುತ್ತದೆ. ಅವಳಿಗೆ ಬಾರದಿರುವುದು ದೊಡ್ಡವರ ಚಿತ್ರ. ಐದು ವರ್ಷಕ್ಕೆ ಅದು ಬರುವುದೂ ಇಲ್ಲ, ಬರಬೇಕಾಗಿಯೂ ಇಲ್ಲ.

ಚಿಕ್ಕ ಮಕ್ಕಳ ಚಿತ್ರಗಳನ್ನು ವರ್ಷಗಟ್ಟಲೆ ನೋಡಿದವರಿಗೆ ಅದರೊಳಗಿನ ಕ್ರಮ ಗೊತ್ತಾಗುತ್ತದೆ. ಎರಡು ವರ್ಷದ ಆಸುಪಾಸಿನಲ್ಲಿ ಬರೀ ಗೀಚು. ಅದು ಕೈಯ ಸಂತೋಷ: ನಾನು ಕೈ ಆಡಿಸಿದೆ, ಕಾಗದದ ಮೇಲೆ ಗುರುತು ಬಿತ್ತು ಎಂಬ ಆಶ್ಚರ್ಯ. ಆಮೇಲೆ ಗೀಚು ಸುತ್ತಿ ಸುತ್ತಿ ವೃತ್ತವಾಗುತ್ತದೆ. ಮೂರು, ನಾಲ್ಕು ವರ್ಷಕ್ಕೆ ಆ ವೃತ್ತಕ್ಕೆ ಎರಡು ಕಣ್ಣು ಬಂದು, ಕೆಳಗೆ ನೇರವಾಗಿ ಎರಡು ಕಾಲು ಇಳಿಯುತ್ತವೆ. ಹೊಟ್ಟೆ ಇಲ್ಲ, ಕುತ್ತಿಗೆ ಇಲ್ಲ. ಮಣಿಪಾಲದ ಮಗುವೂ ಮೆಕ್ಸಿಕೋದ ಮಗುವೂ ಮನುಷ್ಯನನ್ನು ಮೊದಲು ಬಿಡಿಸುವುದು ಬಹುತೇಕ ಹೀಗೆಯೇ. ಐದಾರು ವರ್ಷ ದಾಟಿದ ಮೇಲೆ ಹಾಳೆಯ ಕೆಳಗೆ ನೆಲದ ಒಂದು ಗೆರೆ ಬರುತ್ತದೆ, ಮೇಲೆ ಆಕಾಶದ ಒಂದು ನೀಲಿ ಪಟ್ಟಿ. ನಡುವೆ ಖಾಲಿ. ಸಿಟಿ ಬಸ್ಸು ಬಿಡಿಸಿದರೆ ನಾಲ್ಕು ಚಕ್ರವೂ ಕಾಣಬೇಕು, ಬೆಕ್ಕು ಬಿಡಿಸಿದರೆ ಅದು ತಿಂದ ಬಂಗುಡೆ ಮೀನು ಹೊಟ್ಟೆಯೊಳಗೆ ಕಾಣಬೇಕು. ಮಗು ಬಿಡಿಸುವುದು ಕಣ್ಣಿಗೆ ಕಂಡದ್ದನ್ನಲ್ಲ, ತನಗೆ ಗೊತ್ತಿರುವುದನ್ನು. ವಿಕ್ಟರ್ ಲೋವೆನ್‌ಫೆಲ್ಡ್ ಎಂಬ ಕಲಾ ಶಿಕ್ಷಣತಜ್ಞರು 1940ರ ದಶಕದಲ್ಲೇ ಈ ಹಂತಗಳನ್ನು ವಿವರವಾಗಿ ಬರೆದಿಟ್ಟಿದ್ದಾರೆ.

ಮಗು ತೊದಲು ಮಾತಾಡುವಾಗ ನಾವು ವ್ಯಾಕರಣ ತಿದ್ದುವುದಿಲ್ಲ, ಎತ್ತಿಕೊಂಡು ಮಾತಾಡಿಸುತ್ತೇವೆ. ಚಿತ್ರದ ವಿಷಯಕ್ಕೆ ಬಂದಾಗ ಮಾತ್ರ ಮೊದಲ ದಿನದಿಂದಲೇ ಕೆಂಪು ಪೆನ್ನು ಹಿಡಿಯುತ್ತೇವೆ.

ಇನ್ನು ಆ ‘ಸೀನರಿ’. ಎರಡು ತ್ರಿಕೋನ ಗುಡ್ಡ, ನಡುವೆ ಹುಟ್ಟುವ ಸೂರ್ಯ, ಒಂದು ಹೊಳೆ, ಒಂದು ಗುಡಿಸಲು. ನಮ್ಮ ಎಷ್ಟು ಮಕ್ಕಳು ಅದನ್ನೇ ಬಿಡಿಸುತ್ತಾರೆ! ಪಣಂಬೂರು, ಮಲ್ಪೆಯ ಮಗು ದಿನಾ ನೋಡುವ ಸೂರ್ಯ ಕಡಲಿನಲ್ಲಿ ಮುಳುಗುವವನು. ಅದು ಒಂದು ಹಾಳೆಯಲ್ಲೂ ಬರುವುದಿಲ್ಲ. ನನಗೆ ಸಂಕಟವಾಗುವುದು ಇದೇ. ಮಗುವಿನ ಕಣ್ಣನ್ನು ಬದಿಗೆ ಸರಿಸಿ ಬೇರೆ ಯಾರದೋ ಕಣ್ಣು ಕೊಟ್ಟ ಹಾಗಾಯಿತು.

ಸದ್ಯಕ್ಕೆ ಸ್ಪರ್ಧೆ ಬೇಡ, ನೋಡಿ ಬಿಡಿಸುವುದೂ ಬೇಡ. ಬಿಡಿಸು ಎಂದು ಹೇಳಲೇಬೇಡಿ. ನೀವೇ ಒಂದು ಕಾಗದ ಹಿಡಿದು ಅವಳ ಪಕ್ಕ ಕೂತು ಏನಾದರೂ ಗೀಚಿ. ಚೆಂದದ ನವಿಲು, ಕಮಲ ಎಲ್ಲ ಬೇಡ, ಅದನ್ನು ನೋಡಿದರೆ ಮತ್ತೆ ‘ನನಗೆ ಬರುವುದಿಲ್ಲ’ ಅಂತ ಆಗುತ್ತದೆ. ಗೆರೆ, ಚುಕ್ಕಿ, ಸುತ್ತು ಸಾಕು. ಅವಳು ಬಂದು ಕೂತರೆ ಕೂರಲಿ. ಬಿಡಿಸಿದರೆ “ಇದೆಂತ?” ಎಂದು ಕೇಳಬೇಡಿ, “ಸೂಪರ್” ಎಂದೂ ಹೇಳಬೇಡಿ. ಕಂಡದ್ದನ್ನು ಹೇಳಿ: “ಇಲ್ಲಿ ಹಸಿರು ತುಂಬ ಗಟ್ಟಿ ಒತ್ತಿದ್ದೀ”, “ಈ ಗೆರೆ ಹಾಳೆ ಪೂರ್ತಿ ಸುತ್ತಿ ಬಂತು.” ನೀವು ನಿಜವಾಗಿ ನೋಡುತ್ತಿದ್ದೀರಿ ಎಂದು ಅವಳಿಗೆ ಗೊತ್ತಾಗುವುದು ಈ ಮಾತಿನಿಂದ.

ಬಿಜೈ ನಿವಾಸಿ

ಮೇಷ್ಟ್ರ ಮೇಲೆ ಗೌರವ ಇಟ್ಟುಕೊಂಡೇ ಹೇಳ್ತೇನೆ, ಸ್ಪರ್ಧೆ ಅಂದ್ರೆ ಕೆಟ್ಟದ್ದು ಅಂತ ಒಪ್ಪಲಿಕ್ಕೆ ಆಗುದಿಲ್ಲ. ನನ್ನ ಮಗ ನಾಲ್ಕನೇ ಕ್ಲಾಸು. ಮೊಸರುಕುಡಿಕೆ, ದಸರಾ, ಮಕ್ಕಳ ದಿನಾಚರಣೆ, ಎಲ್ಲಿ ಡ್ರಾಯಿಂಗ್ ಕಾಂಪಿಟಿಷನ್ ಇದ್ರೂ ಹೋಗ್ತಾನೆ. ಪ್ರೈಜ್ ಬಂದಿದೆ, ಬಾರದೆಯೂ ಇದೆ. ಸ್ಟೇಜಿಗೆ ಹೋಗುವ ಧೈರ್ಯ ಬಂದದ್ದು ಅದರಿಂದ. ಒಂದು ಗುರಿ ಇಲ್ಲದಿದ್ರೆ ಮಕ್ಕಳು ಟಿವಿ ಮುಂದೆ ಕೂತ್ಕೊಳ್ತಾರೆ ಅಷ್ಟೇ.

ಮಣಿಪಾಲ ಸೈಕಾಲಜಿ ವಿದ್ಯಾರ್ಥಿನಿ

ಬಿಜೈ ಸರ್, ನೀವು ಎತ್ತಿದ ವಿಷಯಕ್ಕೇ ಹೊಂದುವ ಒಂದು ಹಳೆಯ ಪ್ರಯೋಗ ಇದೆ. ನಮ್ಮ ತರಗತಿಯಲ್ಲಿ ಪಾಠಕ್ಕಿತ್ತು. ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನರ್ಸರಿ ಶಾಲೆಯಲ್ಲಿ ಮಾಡಿ 1973ರಲ್ಲಿ ಪ್ರಕಟಿಸಿದ್ದು. ಮೊದಲೇ ಚಿತ್ರ ಬಿಡಿಸುವ ಆಸೆ ಇದ್ದ ಮಕ್ಕಳನ್ನೇ ಆರಿಸಿಕೊಂಡು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ “ಸ್ಕೆಚ್ ಪೆನ್ನಲ್ಲಿ ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡ್ತೇವೆ” ಎಂದು ಮೊದಲೇ ಹೇಳಿದರು. ಇನ್ನೊಂದು ಗುಂಪಿಗೆ ಹೇಳದೆ ಕೊನೆಯಲ್ಲಿ ಕೊಟ್ಟರು. ಮೂರನೆಯವರಿಗೆ ಏನೂ ಇಲ್ಲ.

ಒಂದೆರಡು ವಾರ ಕಳೆದ ಮೇಲೆ ಆಟದ ಹೊತ್ತಿನಲ್ಲಿ ಆ ಪೆನ್ನುಗಳನ್ನು ಸುಮ್ಮನೆ ಮೇಜಿನ ಮೇಲಿಟ್ಟು ನೋಡಿದರು. ಬಹುಮಾನದ ಆಸೆಗೆ ಬಿಡಿಸಿದ್ದ ಮಕ್ಕಳು ಉಳಿದವರ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರಕ್ಕೆ ಕೊಟ್ಟರು. ಬಹುಮಾನಕ್ಕಾಗಿ ಬಿಡಿಸಿದ ಚಿತ್ರಗಳ ಗುಣಮಟ್ಟವೂ ಕಡಿಮೆ ಇತ್ತು. ಹೇಳದೆ ಬಹುಮಾನ ಸಿಕ್ಕಿದವರಲ್ಲಿ ಆಸಕ್ತಿ ಕುಗ್ಗಲಿಲ್ಲ.

ಅಂದರೆ ಬಹುಮಾನವೇ ವಿಷ ಅಂತ ಅಲ್ಲ ಸರ್. ಆ ವಯಸ್ಸಿನಲ್ಲಿ “ಇದು ಮಾಡಿದರೆ ಅದು ಕೊಡ್ತೇನೆ” ಎಂಬ ಮಾತು ಬಂದ ಕೂಡಲೇ ಮಗುವಿನ ಮನಸ್ಸಿನಲ್ಲಿ ಚಿತ್ರ ಒಂದು ಕೆಲಸವಾಗುತ್ತದೆ. ಅವರು ಮೂರರಿಂದ ಐದು ವರ್ಷದ ಮಕ್ಕಳು. ನಿಮ್ಮ ಮಗ ನಾಲ್ಕನೇ ಕ್ಲಾಸು, ಅವನ ವಿಷಯ ಬೇರೆ ಇರಬಹುದು.

ಬಿಜೈ ನಿವಾಸಿ

ಸರಿ, ಯುಕೆಜಿ ಮಗುವಿಗೆ ಸ್ಪರ್ಧೆ ಬೇಡ ಅಂತ ಒಪ್ಪಿದೆ. ಆದ್ರೆ ನೋಡಿ ಬಿಡಿಸುವುದು ಬೇಡ ಅಂದ್ರೆ ಹೇಗೆ? ಸಂಗೀತದಲ್ಲೂ ಗುರುಗಳು ಹೇಳಿದ್ದನ್ನೇ ಹೇಳುವ ಸರಳೆ ವರಸೆಯಿಂದ ಶುರು ಅಲ್ವಾ?

ಚೌಕಿಯಿಂದ

ನಾನು ತೆಂಕುತಿಟ್ಟು ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸ ಪಾತ್ರ ಮಾಡುವವ. ಬಿಜೈಯವರು ಕೇಳಿದ್ದು ನ್ಯಾಯ. ನಮ್ಮ ವಿದ್ಯೆ ಪೂರ್ತಿ ನೋಡಿ ಕಲಿತದ್ದೇ. ರಾಕ್ಷಸ ವೇಷದ ಮುಖಕ್ಕೆ ಚುಟ್ಟಿ ಇಡುವುದು ಅಂತ ಉಂಟು. ಅಕ್ಕಿಹಿಟ್ಟು, ಸುಣ್ಣ ಕಲಸಿ, ಕಡ್ಡಿಯಿಂದ ಮುಖದ ಮೇಲೆ ಒಂದೊಂದೇ ಚುಕ್ಕಿ ಎಬ್ಬಿಸುವುದು. ಗಂಟೆಗಟ್ಟಲೆ ಕನ್ನಡಿ ಮುಂದೆ ಕೂರಬೇಕು. ಹಿರಿಯರು ಇಟ್ಟ ಹಾಗೇ ಇಡಬೇಕು. ಅದರಲ್ಲಿ ‘ನನ್ನ ಮನಸ್ಸಿಗೆ ಬಂದ ಹಾಗೆ’ ಅಂತ ಇಲ್ಲ.

ಆದರೆ ಒಂದು ವಿಷಯ ಗಮನಿಸಿ. ನನ್ನ ಕೈಗೆ ಯಾರೂ ಸಣ್ಣದರಲ್ಲಿ ಕಡ್ಡಿ ಕೊಡಲಿಲ್ಲ. ಚೌಕಿಯಲ್ಲಿ, ಅಂದರೆ ವೇಷ ಕಟ್ಟುವ ಜಾಗದಲ್ಲಿ, ಪೆಟ್ಟಿಗೆ ಬದಿಯಲ್ಲಿ ಕೂತು ನೋಡಿದೆ, ಅಷ್ಟೇ. ಯಾರು ಕಾಡಿಗೆ ಎಳೆಯುವಾಗ ಉಸಿರು ಹಿಡಿಯುತ್ತಾರೆ, ಯಾರು ಕಿರೀಟ ಕಟ್ಟುವ ಮೊದಲು ಕೈ ಮುಗಿಯುತ್ತಾರೆ, ಎಲ್ಲ ನೋಡಿದೆ. ನೋಡಿ ನೋಡಿ ನನಗೂ ಬೇಕು ಅಂತ ಆಯಿತು. ಆಸೆ ಮೊದಲು ಬಂತು, ಅಭ್ಯಾಸ ಆಮೇಲೆ. ಈಗಿನ ಕ್ಲಾಸುಗಳಲ್ಲಿ ಅಭ್ಯಾಸ ಮೊದಲು ಕೊಡುತ್ತಾರೆ, ಆಸೆ ಎಲ್ಲಿಂದ ಬರಬೇಕು?

ಹಾಗಾಗಿ ಅಕ್ಕ, ಒಂದು ದಿನ ಮಗಳನ್ನು ಆಟ ಶುರುವಾಗುವ ಮೊದಲು ಚೌಕಿಗೆ ಕರಕೊಂಡು ಬನ್ನಿ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಸ್ವಲ್ಪ ದೂರ ಕೂರಬೇಕು, ವೇಷಧಾರಿಗಳ ಹತ್ತಿರ ಆ ಹೊತ್ತಿನಲ್ಲಿ ಹೆಚ್ಚು ಮಾತಾಡಬಾರದು, ಅಷ್ಟೇ. ನಮ್ಮ ಹಾಗೇ ಇರುವ ಒಬ್ಬ ಮನುಷ್ಯ ಕಣ್ಣೆದುರೇ ಮಹಿಷಾಸುರ ಆಗುವುದನ್ನು ಮಗು ನೋಡಲಿ. ಇಡೀ ರಾತ್ರಿ ಆಟ ನೋಡಬೇಕು ಅಂತ ಇಲ್ಲ, ನಿದ್ರೆ ಬಂದರೆ ಮನೆಗೆ ಹೋಗಿ. ಈಗ ಕಾಲಮಿತಿ ಪ್ರದರ್ಶನವೂ ಬೇಕಾದಷ್ಟು ಉಂಟು.

ಉಡುಪಿ ಡ್ರಾಯಿಂಗ್ ಮೇಷ್ಟ್ರು

ಚೌಕಿಯವರೇ, ನಾನು ಹೇಳಬೇಕೆಂದಿದ್ದ ಮಾತನ್ನು ನನಗಿಂತ ಚೆನ್ನಾಗಿ ಹೇಳಿದಿರಿ. ನೋಡಿ ಬಿಡಿಸುವುದಕ್ಕೆ ನನ್ನ ವಿರೋಧ ಇಲ್ಲ. ಏಳೆಂಟು ವರ್ಷ ದಾಟಿದ ಮಗು ತಾನಾಗಿ ಬಂದು “ಮೇಷ್ಟ್ರೇ, ಕೈ ಬೆರಳು ಸರಿ ಬರುವುದಿಲ್ಲ, ತೋರಿಸಿ” ಎಂದು ಕೇಳುತ್ತದೆ. ಆಗ ತೋರಿಸಬೇಕು, ತಿದ್ದಿ ಕಲಿಸಬೇಕು. ಆಗ ಕಲಿಸದಿದ್ದರೆ ಅದೂ ಅನ್ಯಾಯ. ಕೇಳುವ ಮೊದಲೇ ಕೊಡುವುದು ಬೇಡ.

ನಮ್ಮ ಕಟ್ಟಿಂಗೇರಿಯಲ್ಲಿ ಹುಟ್ಟಿದ ಕೆ.ಕೆ. ಹೆಬ್ಬಾರರ (1911–1996) ರೇಖಾಚಿತ್ರಗಳನ್ನು ಮಕ್ಕಳಿಗೆ ತೋರಿಸಿ ನೋಡಿ. ಕುಣಿಯುವವರ ಇಡೀ ಮೈ ಕೆಲವೇ ಗೆರೆಗಳಲ್ಲಿ ತಿರುಗುತ್ತದೆ. ನಾನು ಒಂದನೇ, ಎರಡನೇ ತರಗತಿಯವರಿಗೆ ಅದನ್ನು ಬಿಡಿಸಲಿಕ್ಕೆ ಹೇಳುತ್ತಿರಲಿಲ್ಲ. “ಬೆರಳು ಎತ್ತಿ, ಗಾಳಿಯಲ್ಲಿ ಈ ಗೆರೆಯ ಹಿಂದೆ ಹೋಗಿ” ಎನ್ನುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬೆಂಚಿನಿಂದ ಎದ್ದು ತಾವೇ ಕುಣಿಯುತ್ತಿದ್ದರು. ಆ ಚಿತ್ರ ಅವರ ಮೈಗೆ ಇಳಿಯಿತು ಅಂತ ಲೆಕ್ಕ.

ಕೊಟ್ಟಾರದ ಅಮ್ಮ

ಎಲ್ಲರಿಗೂ ತುಂಬ ಧನ್ಯವಾದ. ಚೌಕಿಗೆ ಹೋಗುವ ಆಲೋಚನೆ ನನಗೆ ಬಂದೇ ಇರಲಿಲ್ಲ. ಹತ್ತಿರದಲ್ಲಿ ಹೋಗಿ ನೋಡುವಂಥ ಜಾಗ ಬೇರೆ ಯಾವುದೆಲ್ಲ ಉಂಟು? ಹೋದರೆ ಅಲ್ಲಿ ಎಂತ ಮಾತಾಡಬೇಕು? ನನಗೇ ಗೊತ್ತಿಲ್ಲದ್ದನ್ನು ಅವಳಿಗೆ ಹೇಗೆ ಹೇಳುವುದು?

ಬಾವುಟಗುಡ್ಡೆ ಹಳೇ ವಿದ್ಯಾರ್ಥಿ

ಮೇಡಂ, ನೀವು ಇರುವುದು ಕೊಟ್ಟಾರದಲ್ಲಿ, ಬಾವುಟಗುಡ್ಡೆ ಹತ್ತು ನಿಮಿಷದ ದಾರಿ. ಅಲೋಶಿಯಸ್ ಕಾಲೇಜಿನ ಚಾಪೆಲ್‌ಗೆ ಹೋಗಿ. ಇಟಲಿಯಿಂದ ಬಂದ ಆಂಟೋನಿಯೊ ಮೊಸ್ಕೆನಿ ಎಂಬ ಯೇಸುಸಭೆಯ ಬ್ರದರ್ 1899ರಿಂದ 1901ರ ಒಳಗೆ ಅದರ ಗೋಡೆ, ಮಾಡು (ಛಾವಣಿಯ ಒಳಮೈ) ಎಲ್ಲ ಚಿತ್ರದಿಂದ ತುಂಬಿಸಿದರು. ಗೋಡೆಯ ಚಿತ್ರ ಫ್ರೆಸ್ಕೊ. ಗಾರೆ ಹಸಿ ಇರುವಾಗಲೇ ಅದರ ಮೇಲೆ ಬಣ್ಣ ಹಾಕುವುದು. ಸುಣ್ಣ ಒಣಗುತ್ತ ಬಣ್ಣವನ್ನು ತನ್ನೊಳಗೇ ಹಿಡಿದುಕೊಳ್ಳುತ್ತದೆ. ಅದಕ್ಕೆ ದಿನಕ್ಕೆ ಎಷ್ಟು ಮುಗಿಸಲಿಕ್ಕೆ ಆಗುತ್ತದೋ ಅಷ್ಟೇ ಗಾರೆ ಮೆತ್ತಬೇಕು. ಮಾಡಿನದು ಕ್ಯಾನ್ವಾಸಿನ ಮೇಲೆ ತೈಲಚಿತ್ರ. ನಮ್ಮ ಮಳೆ, ನಮ್ಮ ತೇವದ ನಡುವೆ ನೂರು ವರ್ಷಕ್ಕೂ ಮೇಲೆ ಉಳಿದಿವೆ. 1990ರ ದಶಕದಲ್ಲಿ ಹಳೆಯ ಕಟ್ಟಡ, ಕಲೆ ಉಳಿಸುವ ಇಂಟ್ಯಾಕ್ ಸಂಸ್ಥೆಯವರು ಜೀರ್ಣೋದ್ಧಾರವನ್ನೂ ಮಾಡಿದ್ದಾರೆ. ಮೊಸ್ಕೆನಿಯವರು ತಿರುಗಿ ಊರಿಗೆ ಹೋಗಲಿಲ್ಲ, 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.

ಇದನ್ನೆಲ್ಲ ಮಗುವಿಗೆ ಹೇಳಬೇಕು ಅಂತ ಅಲ್ಲ, ನಿಮಗೆ ಗೊತ್ತಿರಲಿ ಅಂತ. ಮಗುವಿಗೆ ಒಂದು ಉಪಾಯ: ಮನೆಯಿಂದ ಸಣ್ಣ ಕನ್ನಡಿ ತನ್ನಿ. ಬೆಂಚಿನಲ್ಲಿ ಕೂರಿಸಿ ಕನ್ನಡಿಯನ್ನು ಮಡಿಲಲ್ಲಿ ಇಡಿ. ಕುತ್ತಿಗೆ ನೋಯುವುದಿಲ್ಲ, ಮಾಡಿನ ಚಿತ್ರ ತೊಡೆಯ ಮೇಲೆ ಇಳಿದು ಬರುತ್ತದೆ. ನಮ್ಮ ಮನೆಯ ಮಕ್ಕಳು ಕನ್ನಡಿ ತಿರುಗಿಸಿ ತಿರುಗಿಸಿ ನಾಯಿ, ಕುದುರೆ, ಯಾರ ಕಾಲಿಗೆ ಚಪ್ಪಲಿ ಇಲ್ಲ ಅಂತ ಹುಡುಕುತ್ತಾ ಕೂರುತ್ತಾರೆ. ಒಳಗೆ ಫೋಟೊ ತೆಗೆಯಲಿಕ್ಕೆ ಬಿಡುವುದಿಲ್ಲ, ನನ್ನ ಪ್ರಕಾರ ಅದು ಮಕ್ಕಳಿಗೆ ಒಳ್ಳೆಯದೇ. ಪ್ರಾರ್ಥನೆಯ ಜಾಗ, ಆದ್ದರಿಂದ ಪಿಸುಮಾತಿನಲ್ಲಿ. ಹೋಗುವ ಮೊದಲು ಸಮಯ ವಿಚಾರಿಸಿಕೊಳ್ಳಿ.

ಎಲ್ಲ ಚಿತ್ರ ತೋರಿಸಲಿಕ್ಕೆ ಹೋಗಬೇಡಿ. ಒಂದು, ಹೆಚ್ಚೆಂದರೆ ಎರಡು. ಬೇಜಾರು ಬರುವ ಮೊದಲೇ ಹೊರಗೆ ಬನ್ನಿ, ಗುಡ್ಡೆಯಿಂದ ಇಳಿದು ಐಸ್‌ಕ್ರೀಂ ತಿನ್ನಿಸಿ.

ಮಣಿಪಾಲ ಸೈಕಾಲಜಿ ವಿದ್ಯಾರ್ಥಿನಿ

ಎಂತ ಮಾತಾಡಬೇಕು ಅಂತ ಕೇಳಿದಿರಲ್ಲ ಅಕ್ಕ. ಅಬಿಗೈಲ್ ಹೌಸೆನ್ ಎಂಬ ಮನಶ್ಶಾಸ್ತ್ರಜ್ಞೆ ಮತ್ತು ಮ್ಯೂಸಿಯಂ ಶಿಕ್ಷಕ ಫಿಲಿಪ್ ಯೆನವೈನ್ ಸೇರಿ ರೂಪಿಸಿದ ಪದ್ಧತಿಯಲ್ಲಿ ಇರುವುದು ಮೂರೇ ಪ್ರಶ್ನೆ. ಈ ಚಿತ್ರದಲ್ಲಿ ಏನಾಗ್ತಾ ಇದೆ? ಯಾವುದನ್ನು ನೋಡಿ ಹಾಗೆ ಹೇಳಿದೆ? ಇನ್ನೂ ಏನು ಕಾಣ್ತದೆ? ಅಷ್ಟೇ. ಉತ್ತರ ಸರಿಯೋ ತಪ್ಪೋ ಅಂತ ನೀವು ಹೇಳುವ ಹಾಗಿಲ್ಲ. ಹಾಗಾಗಿ ನಿಮಗೆ ಚಿತ್ರಕಲೆ ಗೊತ್ತಿಲ್ಲದಿದ್ದರೆ ಏನೂ ತೊಂದರೆ ಇಲ್ಲ. ಎರಡನೇ ಪ್ರಶ್ನೆ ಕೇಳಿದಾಗ ಮಗು ಮತ್ತೆ ಚಿತ್ರದ ಕಡೆ ತಿರುಗುತ್ತದೆ, ಅಲ್ಲೇ ಇರುವುದು ಮಜಾ.

ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿ ನಡೆದು 2001ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ ಬಂದವರು ಒಂದು ಕೃತಿಯ ಮುಂದೆ ನಿಲ್ಲುವುದು ಸರಾಸರಿ 27 ಸೆಕೆಂಡು. ದೊಡ್ಡವರೇ ಅಷ್ಟು. ಮಗು ಒಂದು ಚಿತ್ರದಲ್ಲಿ ಮೂರು ನಿಮಿಷ ನಾಯಿ ಹುಡುಕಿದರೆ ಅದನ್ನು ಸಣ್ಣ ವಿಷಯ ಅಂತ ಅಂದುಕೊಳ್ಳಬೇಡಿ.

ಮೂಡುಬಿದಿರೆ ಸೊಸೆ

ಆ ಮೂರು ಪ್ರಶ್ನೆಗೆ ಹೇಳಿ ಮಾಡಿಸಿದ ಜಾಗ ನಮ್ಮಲ್ಲಿ ಉಂಟು. ಹಿಂದೆ ಇಲ್ಲಿ ಆಳಿದ ಚೌಟ ಅರಸರ ಅರಮನೆಯ ಮರದ ಕಂಬ. ಒಂದರಲ್ಲಿ ಆನೆ, ಒಂದರಲ್ಲಿ ಕುದುರೆ. ಹತ್ತಿರ ಹೋಗಿ ನೋಡಿದರೆ ಆನೆ ಆನೆಯಲ್ಲ, ಒಂಬತ್ತು ಹೆಂಗಸರು ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆ ಆಗಿದ್ದಾರೆ. ನವನಾರೀಕುಂಜರ ಅಂತ ಹೆಸರು. ಕುದುರೆ ಐದು ಹೆಂಗಸರದ್ದು, ಪಂಚನಾರೀತುರಗ. ಮಕ್ಕಳಿಗೆ ಹೆಸರು ಮೊದಲೇ ಹೇಳಬೇಡಿ. “ಎಂತ ಕಾಣ್ತದೆ?” ಅಂತ ಕೇಳಿ ಬಿಟ್ಟುಬಿಡಿ. ಮೊದಲು “ಆನೆ” ಅಂತಾರೆ. ಆಮೇಲೆ ಯಾರೋ ಒಬ್ಬರು “ಅಯ್ಯೋ, ಕಾಲಲ್ಲಿ ಒಬ್ಬಳಿದ್ದಾಳೆ!” ಅಂತ ಕಿರುಚುತ್ತಾರೆ. ಅಲ್ಲಿಂದ ಮುಂದೆ ಅವರನ್ನು ಎಬ್ಬಿಸಿ ಮನೆಗೆ ತರುವುದೇ ಕಷ್ಟ. ಈಗಲೂ ಮನೆತನದವರು ವಾಸ ಇರುವ ಮನೆ ಅದು, ಕೇಳಿ ಒಳಗೆ ಹೋಗಬೇಕು.

ಸಾವಿರ ಕಂಬದ ಬಸದಿಗೂ ಬನ್ನಿ. ಹದಿನೈದನೇ ಶತಮಾನದ್ದು. ಕಂಬಗಳನ್ನು ಎಲ್ಲರೂ ತೋರಿಸ್ತಾರೆ. ಮಕ್ಕಳ ಎತ್ತರಕ್ಕೇ ಸರಿಯಾಗಿ ಕೆಳಗೆ, ಭೈರಾದೇವಿ ಮಂಟಪದ ಪೀಠದ ಸುತ್ತ ಕೆತ್ತಿದ ಸಣ್ಣ ಸಣ್ಣ ಚಿತ್ರ ಉಂಟು, ದೊಡ್ಡವರ ಕಣ್ಣಿಗೆ ಬೀಳುವುದೇ ಇಲ್ಲ. ಅದರಲ್ಲಿ ಒಂದು ಜಿರಾಫೆ, ಒಂದು ಚೀನಾದ ಡ್ರ್ಯಾಗನ್! ಮೂಡುಬಿದಿರೆಗೆ ಜಿರಾಫೆ ಹೇಗೆ ಬಂತು ಅಂತ ಮಕ್ಕಳೇ ಕೇಳ್ತಾರೆ. ಆಗ ನಮ್ಮ ಕರಾವಳಿಯ ಬಂದರು, ಹಡಗು, ದೂರದೇಶದ ವ್ಯಾಪಾರದ ಕತೆ ಹೇಳಲಿಕ್ಕೆ ಆಗ್ತದೆ.

ಉಡುಪಿ ಡ್ರಾಯಿಂಗ್ ಮೇಷ್ಟ್ರು

ಉಡುಪಿ ಕಡೆಯಿಂದ ಎರಡು ಸೇರಿಸುತ್ತೇನೆ. ಶಿರಿಯಾರದ ಮೆಕ್ಕೆಕಟ್ಟು ನಂದಿಕೇಶ್ವರ ದೇವಸ್ಥಾನದ ಮರದ ಉರುಗಳು, ಅಂದರೆ ಕೆತ್ತಿದ ಮೂರ್ತಿಗಳು. ದೊಡ್ಡ ಕಣ್ಣು, ಗಾಢ ಕೆಂಪು, ಹಳದಿ. ಮಕ್ಕಳು ತಾವೇ ಬಿಡಿಸಿದ ಮನುಷ್ಯರಿಗೂ ಇವಕ್ಕೂ ಏನೋ ನೆಂಟಸ್ತಿಕೆ ಇದೆ ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಇನ್ನೊಂದು, ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮ. ಹಳೆಯ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅಲ್ಲಿ ರವಿವರ್ಮ ಪ್ರೆಸ್ಸಿನ ಮುದ್ರಿತ ಚಿತ್ರಗಳಿವೆ, ಗಾಜಿನ ಮೇಲೆ ಬರೆದ ತಂಜಾವೂರು ಚಿತ್ರಗಳಿವೆ. ಪೂರ್ತಿ ನೋಡಲು ಹೊರಟರೆ ಮಗುವಿಗೆ ಸುಸ್ತು. ಒಂದು ಮನೆ ಸಾಕು.

ಉಳ್ಳಾಲದ ಉಮ್ಮ

ನಮ್ಮ ಮನೆಯಲ್ಲಿ ಮನುಷ್ಯರ, ಪ್ರಾಣಿಗಳ ಚಿತ್ರ ಬಿಡಿಸುವುದಕ್ಕೆ ಹಿರಿಯರು ಅಷ್ಟು ಒಪ್ಪುವುದಿಲ್ಲ. ಅದಕ್ಕಾಗಿ ಮಗನಿಗೆ ಚಿತ್ರವೇ ಬೇಡವಾ ಅಂತ ನಾನೂ ತುಂಬ ಯೋಚನೆ ಮಾಡಿದ್ದೆ. ಈಗ ಅವನು ಬಿಡಿಸುವುದೆಲ್ಲ ಬಳ್ಳಿ, ಎಲೆ, ನಕ್ಷತ್ರ, ಸುತ್ತು. ಪೆರ್ನಾಲಿಗೆ (ಈದ್ ಹಬ್ಬಕ್ಕೆ) ನಾನು ಮೆಹಂದಿ ಹಾಕುವಾಗ ಕೋನು ಹಿಡಿದು ಕಾಗದದ ಮೇಲೆ ಎಳೀತಾನೆ. ಬಂದರಿನ ಝೀನತ್ ಬಕ್ಷ್ ಜುಮಾ ಮಸೀದಿಗೆ ಅವನ ಅಪ್ಪನ ಜೊತೆ ಹೋದಾಗ ಒಳಗಿನ ಮರದ ಕೆತ್ತನೆ ನೋಡಿ ಬಂದು, ಒಂದೇ ಹೂವು ಎಷ್ಟು ಸಲ ಬಂದಿದೆ ಅಂತ ಲೆಕ್ಕ ಹೇಳಿದ. ಚಿತ್ರ ಅಂದರೆ ಮುಖವೇ ಆಗಬೇಕು ಅಂತ ಇಲ್ಲವಲ್ಲ. ನಮ್ಮ ಹಾಗೆ ಇರುವ ಮನೆಯವರಿಗೆ ಉಪಯೋಗ ಆಗಲಿ ಅಂತ ಬರೆದೆ.

ಕಾರ್ಕಳದ ಅಜ್ಜಿ

ಉಮ್ಮ ಬರೆದದ್ದು ಓದಿ ಖುಷಿಯಾಯಿತು. ನಮ್ಮ ಚುಕ್ಕಿ ರಂಗೋಲಿಯಲ್ಲೂ ಅಷ್ಟೇ, ಗೆರೆ ಚುಕ್ಕಿಯನ್ನು ಸುತ್ತಿ ಬರುವುದೇ ಚೆಂದ.

ಕೊಟ್ಟಾರದ ಮಗಳೇ, ನಾನು ಮೊಮ್ಮಕ್ಕಳಿಗೆ ಮಾಡಿಸುವುದು ಹೇಳುತ್ತೇನೆ, ಖರ್ಚಿಲ್ಲ. ಅರಶಿನ ಪುಡಿ ನೀರಲ್ಲಿ ಕಲಸಿ ಕೊಡು, ಬೆರಳಲ್ಲಿ ಬಳಿಯಲಿ. ಅದರ ಮೇಲೆ ಸುಣ್ಣದ ತಿಳಿಯನ್ನು ನೀನೇ ಹತ್ತಿಯಲ್ಲಿ ಅದ್ದಿ ಮುಟ್ಟಿಸು, ಸುಣ್ಣ ಮಕ್ಕಳ ಕೈಗೆ ಕೊಡಬೇಡ. ಹಳದಿ ಎಲ್ಲ ಕೆಂಪಾಗುತ್ತದೆ. ಆ ಕೆಂಪಿಗೆ ಲಿಂಬೆ ಹುಳಿ ಬಿಟ್ಟರೆ ತಿರುಗಿ ಹಳದಿ. ಶಂಖಪುಷ್ಪದ ಹೂವನ್ನು ಬಿಸಿನೀರಿಗೆ ಹಾಕಿದರೆ ನೀಲಿ, ಲಿಂಬೆ ಹಿಂಡಿದರೆ ನೇರಳೆ. ಸಾಗುವಾನಿಯ ಚಿಗುರೆಲೆಯನ್ನು ಅಂಗೈಯಲ್ಲಿ ತಿಕ್ಕಿದರೆ ರಕ್ತಗೆಂಪು. ಬೆಂಡೆಕಾಯಿ ಅಡ್ಡ ಕೊಯ್ದು ಅಚ್ಚೊತ್ತಿದರೆ ಹೂವು, ಬಾಳೆಯ ದಂಟು ಕೊಯ್ದು ಒತ್ತಿದರೆ ಜೇನುಗೂಡಿನಂಥ ಕಣ್ಣು ಕಣ್ಣು. ಅಡಿಕೆ ಹಾಳೆ ಸಿಕ್ಕಿದರೆ ಅದರ ಒಳಮೈ ಮೇಲೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ.

ಮತ್ತೊಂದು, ಹಳೆ ಹೆಂಚು. 1865ರಲ್ಲಿ ಬಾಸೆಲ್ ಮಿಶನ್‌ನವರು ಜೆಪ್ಪುವಿನಲ್ಲಿ ಶುರು ಮಾಡಿದ ಮೇಲೆ ನಮ್ಮಲ್ಲಿ ಎಷ್ಟೋ ಹೆಂಚಿನ ಕಾರ್ಖಾನೆ ಆದವು. ಒಂದೊಂದು ಕಾರ್ಖಾನೆಯ ಹೆಸರು, ಗುರುತು ಹೆಂಚಿನ ಮೇಲೆ ಉಬ್ಬಿ ನಿಂತಿರುತ್ತದೆ. ತೊಳೆದು ಒಣಗಿಸಿ ಮೇಲೆ ತೆಳು ಕಾಗದ ಇಟ್ಟು, ಕ್ರೇಯಾನನ್ನು ಅಡ್ಡ ಹಿಡಿದು ತಿಕ್ಕಲಿ. ಅಕ್ಷರ, ನಕ್ಷತ್ರ, ಆನೆ ಏನಿದ್ದರೂ ಮೇಲೆ ಎದ್ದು ಬರುತ್ತದೆ. ಬಿಡಿಸಲಿಕ್ಕೆ ಹೆದರುವ ಮಗುವಿಗೆ ಇದು ಬಹಳ ಒಳ್ಳೆಯದು, ‘ಸರಿ ಬರಲಿಲ್ಲ’ ಅನ್ನುವ ಪ್ರಶ್ನೆಯೇ ಇಲ್ಲ.

ಸುರತ್ಕಲ್ ಅಪ್ಪ

ಯೂಟ್ಯೂಬಿನಲ್ಲಿ ‘ಹೇಗೆ ಬಿಡಿಸುವುದು’ ಅಂತ ವಿಡಿಯೋ ಬರ್ತವಲ್ಲ, ಅದು ಹಾಕಿಕೊಟ್ಟರೆ ಆಗುದಿಲ್ವಾ?

ಉಡುಪಿ ಡ್ರಾಯಿಂಗ್ ಮೇಷ್ಟ್ರು

ಐದು ವರ್ಷಕ್ಕೆ ಬೇಡ. ಬೋರ್ಡಿನ ಬದಲು ಮೊಬೈಲ್ ಬಂತು, ಅಷ್ಟೇ ವ್ಯತ್ಯಾಸ.

ಮಣ್ಣಗುಡ್ಡ ಅಪ್ಪ

ಇಲ್ಲಿ ಚೌಕಿಯವರು ಇದ್ದಾರೆ ಅಂತ ಕೇಳ್ತಾ ಇದ್ದೇನೆ. ನನ್ನ ಮಗನಿಗೆ ನಾಲ್ಕು ವರ್ಷ. ನವರಾತ್ರಿಯಲ್ಲಿ ಪಿಲಿವೇಷ (ಹುಲಿವೇಷ) ಬಂದರೆ ತಾಸೆ ವಾದ್ಯದ ಸದ್ದಿಗೇ ಓಡಿ ಹೋಗಿ ಮಂಚದ ಕೆಳಗೆ ಸೇರ್ತಾನೆ. ಆದರೆ ರಾತ್ರಿ ಮಲಗುವಾಗ ಹುಲಿಯದ್ದೇ ಮಾತು, “ಅದರ ಪಟ್ಟೆ ಯಾರು ಹಾಕಿದ್ದು?” ಅಂತ. ಹೇಗೆ ತೋರಿಸುವುದು? ಅವನಿಗೂ ಬಣ್ಣ ಹಾಕಿಸಬಹುದಾ?

ಚೌಕಿಯಿಂದ

ಅಣ್ಣ, ಒತ್ತಾಯ ಮಾಡಿ ಎತ್ತಿಕೊಂಡು ಹೋಗಿ ಹುಲಿಯ ಎದುರು ನಿಲ್ಲಿಸಬೇಡಿ. ಪಟ್ಟೆ ಯಾರು ಹಾಕಿದ್ದು ಅಂತ ಕೇಳ್ತಾನಲ್ಲ, ಬಣ್ಣ ಹಾಕುವಲ್ಲಿಗೇ ಕರಕೊಂಡು ಹೋಗಿ. ಅಲ್ಲಿ ತಾಸೆ ಹೊಡೆಯುವ ಮೊದಲಿನ ಹೊತ್ತು ನೋಡಿಕೊಳ್ಳಿ. ಮೊದಲು ಮೈಗೆಲ್ಲ ಬಿಳಿ, ಅದು ಒಣಗಿದ ಮೇಲೆ ಹಳದಿ, ಆಮೇಲೆ ಕಪ್ಪು ಪಟ್ಟೆ. ಬಣ್ಣ ಒಣಗುವವರೆಗೆ ವೇಷ ಹಾಕಿದವರು ಕೈ ಅಗಲಿಸಿ ನಿಂತೇ ಇರಬೇಕು. ಪಕ್ಕದ ಮನೆಯ ಅಣ್ಣನೇ ಹುಲಿ ಆಗುವುದು ಅಂತ ಕಣ್ಣಾರೆ ಕಂಡರೆ ಹೆದರಿಕೆ ಪೂರ್ತಿ ಹೋಗ್ತದೆ ಅಂತ ಹೇಳುವುದಿಲ್ಲ, ಆದರೆ ಹೆದರಿಕೆಯ ಜೊತೆ ಕುತೂಹಲ ಸೇರ್ತದೆ. ಆ ಎರಡೂ ಒಟ್ಟಿಗೆ ಇರಲಿ, ವೇಷ ನೋಡುವುದಕ್ಕೆ ಅದೇ ಬೇಕಾದ್ದು.

ಮಗುವಿನ ಮೈಗೆ ಎನಾಮಲ್ ಪೇಯಿಂಟ್ ಹಾಕಿಸಲೇಬೇಡಿ. ದೊಡ್ಡವರಿಗೇ ಉರಿ, ತೆಗೆಯಲಿಕ್ಕೆ ಸೀಮೆಎಣ್ಣೆ ಬೇಕಾಗ್ತದೆ. ಯಕ್ಷಗಾನದ ಹಳೆ ಬಣ್ಣವೂ ಮಕ್ಕಳಿಗೆ ಆಗುವಂಥದ್ದಲ್ಲ. ಕೆಂಪು ಬಣ್ಣದ ಇಂಗಲೀಕದಲ್ಲಿ ಪಾದರಸ ಉಂಟು, ಹಳದಿ ಬಣ್ಣದ ಅರದಾಳದಲ್ಲಿ ಶಂಖಪಾಷಾಣದ (ಆರ್ಸೆನಿಕ್) ಅಂಶ ಉಂಟು. ಮುಖಕ್ಕೆ ಹಚ್ಚುವ, ನೀರಲ್ಲಿ ತೊಳೆದರೆ ಹೋಗುವ ಬಣ್ಣ ಅಂಗಡಿಯಲ್ಲಿ ಸಿಗ್ತದೆ. ಅದರಲ್ಲಿ ಕೈಗೆ ಎರ‍ಡು ಪಟ್ಟೆ ಎಳೆಯಿರಿ, ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ಚರ್ಮಕ್ಕೆ ಆಗ್ತದಾ ನೋಡಿ. ಆಮೇಲೆ ನಿಮ್ಮ ಕೈಗೆ ಅವನು ಎಳೆಯಲಿ.

ಬಿಜೈ ನಿವಾಸಿ

ಇಷ್ಟು ಓದಿದ ಮೇಲೆ ನನ್ನದೊಂದು ಪ್ರಶ್ನೆ ಮೇಷ್ಟ್ರೇ. ನನ್ನ ಮಗ ಮುಂದೆ ಲೋವರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರಬೇಕು ಅಂತ ಆಸೆ ಇಟ್ಟುಕೊಂಡಿದ್ದಾನೆ. ಸ್ಪರ್ಧೆ ಎಲ್ಲ ಬಿಡಿಸಬೇಕಾ?

ಉಡುಪಿ ಡ್ರಾಯಿಂಗ್ ಮೇಷ್ಟ್ರು

ಖಂಡಿತ ಬೇಡ. ಅವನಿಗೆ ಆಸೆ ಇದೆ, ವಯಸ್ಸೂ ಬಂದಿದೆ. ವಸ್ತುಚಿತ್ರ, ವಿನ್ಯಾಸ ಎಲ್ಲ ಶಿಸ್ತಿನಿಂದ ಕಲಿಯಲಿ. ವಾರದಲ್ಲಿ ಒಂದು ದಿನ ಮಾತ್ರ ಯಾರಿಗೂ ತೋರಿಸದ ಒಂದು ಪುಸ್ತಕದಲ್ಲಿ ಅವನಿಗೆ ಬೇಕಾದ್ದು ಬಿಡಿಸಲಿ. ಅದನ್ನು ನೀವೂ ಕೇಳಿಯೇ ನೋಡಬೇಕು. ಸ್ಪರ್ಧೆಯ ಚಿತ್ರ ಮತ್ತು ಅವನದೇ ಚಿತ್ರ ಎರಡೂ ಅವನಲ್ಲಿ ಬದುಕಿರಲಿ.

ಕೊಟ್ಟಾರದ ಅಮ್ಮ

ಹೆಂಚಿನ ಉಪಾಯಕ್ಕೆ ಅತ್ತೆಯವರು ಹಿತ್ತಿಲಿನಿಂದ ಹೆಂಚು ಹುಡುಕಿ ತಂದಿದ್ದಾರೆ, ಆದಿತ್ಯವಾರ ಮಾಡಬೇಕು. ಎರಡು ಸಂಶಯ ಉಳಿದಿದೆ. ಕ್ಲಾಸು ಬಿಡಿಸಲಾ, ಅವರ ಹತ್ತಿರ ಮಾತಾಡಲಾ? ಮತ್ತೆ ಮಳೆಗಾಲದಲ್ಲಿ ನಮ್ಮ ಮನೆಯಲ್ಲಿ ಕಾಗದ ಎಲ್ಲ ಮೆತ್ತಗಾಗ್ತದೆ, ವಾಟರ್ ಕಲರ್ ಒಣಗುವುದೇ ಇಲ್ಲ. ಬಣ್ಣದ ಕೆಲಸ ಆಗ ಹೇಗೆ ಮಾಡಿಸುವುದು?

ಉಡುಪಿ ಡ್ರಾಯಿಂಗ್ ಮೇಷ್ಟ್ರು

ಮೊದಲು ಮಾತಾಡಿ. ಕಲಿಸುವವರಿಗೂ ಕಷ್ಟ ಇರುತ್ತದೆ. ತಿಂಗಳ ಕೊನೆಗೆ ‘ನಮ್ಮ ಮಗು ಏನು ಕಲಿತಿತು’ ಎಂದು ಹೆತ್ತವರು ಕೇಳುವಾಗ ತೋರಿಸಲಿಕ್ಕೆ ಚೆಂದದ ಒಂದು ಹಾಳೆ ಬೇಕು, ಅದಕ್ಕೇ ಬೋರ್ಡಿನ ಚಿತ್ರ. “ನನಗೆ ಆ ಹಾಳೆ ಬೇಡ, ಅವಳಿಗೆ ಮಣ್ಣೋ ಬಣ್ಣವೋ ಕೊಟ್ಟು ಅವಳಷ್ಟಕ್ಕೆ ಬಿಡಿ” ಎಂದು ನೀವೇ ಹೇಳಿದರೆ ಎಷ್ಟೋ ಶಿಕ್ಷಕರಿಗೆ ಸಮಾಧಾನವಾಗುತ್ತದೆ. ಆಗುವುದಿಲ್ಲ ಎಂದರೆ ಒಂದು ವರ್ಷ ಬಿಡಿಸಿ, ಏನೂ ನಷ್ಟವಿಲ್ಲ.

ಮಳೆಗಾಲಕ್ಕೆ ನೀರಿನ ಬಣ್ಣ ಕಟ್ಟಿಡಿ. ಎಣ್ಣೆ ಪೇಸ್ಟಲ್, ಕ್ರೇಯಾನ್, ಇದ್ದಲು ಒಣಗಬೇಕಾಗಿಲ್ಲ. ಕಾಗದ ಮೆತ್ತಗಾಗುತ್ತದೆಂದರೆ ಹಳೆ ಕ್ಯಾಲೆಂಡರಿನ ಹಿಂಬದಿ, ಸೀರೆ ಪೆಟ್ಟಿಗೆಯ ರಟ್ಟು, ಮದುವೆ ಕಾಗದದ ಹಿಂಬದಿ ಬಳಸಿ, ಗಟ್ಟಿ ಇರುತ್ತವೆ. ಜೋರು ಮಳೆಯ ಆಟಿ ತಿಂಗಳು ಮಣ್ಣಿನ ಕೆಲಸಕ್ಕಂತೂ ಬಹಳ ಒಳ್ಳೆಯದು, ಬೇಸಗೆಯ ಹಾಗೆ ಕೈಯಲ್ಲೇ ಒಣಗಿ ಬಿರಿಯುವುದಿಲ್ಲ. ಕುಂಬಾರರ ಹತ್ತಿರ ಹದ ಮಾಡಿದ ಮಣ್ಣು ಕೇಳಿ ತನ್ನಿ, ಒದ್ದೆ ಗೋಣಿಯಲ್ಲಿ ಸುತ್ತಿಟ್ಟರೆ ಕೆಲವು ವಾರ ಇರುತ್ತದೆ. ಚಕ್ರ ತಿರುಗುವುದನ್ನು ತೋರಿಸಬೇಕಾದರೆ ಪಿಲಿಕುಳದ ಕುಶಲಕರ್ಮಿ ಗ್ರಾಮ ನಿಮಗೆ ಹತ್ತಿರ.

ಮೂಡುಬಿದಿರೆ ಸೊಸೆ

ಅರಮನೆಗೆ ಬರುವವರು ಬೆಳಗ್ಗೆ ಹೊತ್ತು ಬನ್ನಿ ಆಯ್ತಾ, ಮಧ್ಯಾಹ್ನ ಮನೆಯವರು ಮಲಗುವ ಸಮಯ. ಸಣ್ಣ ಟಾರ್ಚ್ ಇದ್ದರೆ ತನ್ನಿ, ಕಂಬದ ಬದಿಯಿಂದ ಬೆಳಕು ಬಿಟ್ಟರೆ ಕೆತ್ತನೆ ಚೆನ್ನಾಗಿ ಕಾಣ್ತದೆ. ಕೊಟ್ಟಾರದ ಅಕ್ಕ, ನೀವು ಬರುವ ದಿನ ಇಲ್ಲಿ ಒಂದು ಮಾತು ಹಾಕಿ, ನನ್ನ ಮಕ್ಕಳನ್ನೂ ಕರಕೊಂಡು ಬರ್ತೇನೆ.